ಎಂಟು ದಿನ ನೋಡಬೇಕು

ನನ್ನ ನಾಟಕದಲ್ಲಿ ಹನ್ನೆರಡು ಪಾತ್ರಗಳಿದ್ದವು. ಅವರಲ್ಲಿ ಒಬ್ಬರೂ ಊಟ ಮಾಡುವುದಿಲ್ಲ ಎಂದು ಪ್ರಭಂಜನ ಮಾಸ್ತರರು ಸ್ಟಾಫ್ ರೂಮಿನಲ್ಲಿ, ಎಲ್ಲರ ಎದುರು ಹೇಳಿದರು.

"ಬಾಯಾರ, ಪೂರಾ ಓದಿದೆ. ರಾಜಾ ಬರ್ತಾನ, ಮಾತಾಡ್ತಾನ, ಹೋಗ್ತಾನ. ರಾಣಿ ಬರ್ತಾಳ, ಮಾತಾಡ್ತಾಳ, ಹೋಗ್ತಾಳ. ಇವರ್ಯಾರೂ ಊಟಾ ಮಾಡಂಗಿಲ್ಲೇನ್ರಿ? ಒಬ್ಬರಿಗರೆ ಕಾಲು ನೋಯೂದಿಲ್ಲೇನು?"

ಹೊಲಿಗೆ ಕಲಿಸುವ ಸೀತಾಬಾಯಿ ಫಕ್ಕನೆ ನಕ್ಕಳು. ನನಗೆ ಸಿಟ್ಟು ನೆತ್ತಿಗೇರಿತು.

"ರಾಜಾ ನಿಮ್ಮ ಮುಂದ ಊಟಕ್ಕ ಕೂಡಬೇಕಾಗಿತ್ತೇನು?" ಎಂದೆ.

"ಕೂತಿದ್ದರ ಛಲೋ ಇತ್ತು. ಅಂವಾ ಉಪ್ಪು ಕಡಿಮಿ ಅಂತ ಸಿಟ್ಟಿಗೇಳ್ತಾನೋ, ಸುಮ್ಮನ ಉಣ್ತಾನೋ ಗೊತ್ತಾಗ್ತಿತ್ತು. ಈಗ ಅಂವಾ ಧರ್ಮದ ಬಗ್ಗೆ ಎರಡು ಪುಟಾ ಮಾತಾಡಿದರೂ ಎಂಥಾವಂತ ಗೊತ್ತಾಗಂಗಿಲ್ಲ."

ದೀಪಾವಳಿ ಸೂಟಿಯೆಲ್ಲ ಕೂತು ಬರೆದ ನಾಟಕ ಅದು. ನಾನು ನಾಟಕ ಬರೆದ ವಹಿಯನ್ನು ಅವರ ಕೈಯಿಂದ ಕಸಿದುಕೊಂಡು ಕ್ಲಾಸಿಗೆ ಹೋದೆ. ಅವತ್ತು ಹತ್ತನೇ ಇಯತ್ತೆಯವರು ನನ್ನ ಕೈಯಲ್ಲಿ ಸಿಕ್ಕು ನುಚ್ಚುನೂರಾದರು.

ಇದು ೧೯೭೪ರ ಜನವರಿಯ ಮಾತು. ನಾನು ಲೀಲಾಬಾಯಿ, ಗುಡಗೇರಿಯ ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತಿದ್ದೆ. ಆಗ ಇಪ್ಪತ್ತೆಂಟು ವರ್ಷ. ಸ್ಟೇಶನ್ ರೋಡಿನಲ್ಲಿ ಬಾಡಿಗೆಯ ಮನೆ, ಮನೆಯಲ್ಲಿ ನಾನು ಮತ್ತು ನಮ್ಮವ್ವ ತುಳಸಾಬಾಯಿ. ನನ್ನ ಸಿಟ್ಟು ಊರಿಗೆಲ್ಲ ಗೊತ್ತಿತ್ತು. ಪ್ರಭಂಜನ ಮಾಸ್ತರರು ಜೂನ್ ತಿಂಗಳಲ್ಲಿ ನವಲಗುಂದದಿಂದ ಡ್ರಾಯಿಂಗ್ ಕಲಿಸಲು ಬಂದವರು. ಅವರ ತಂದೆ ನಾಟಕ ಕಂಪನಿಯೊಂದರಲ್ಲಿ ಪರದೆಗಳ ಮೇಲೆ ಚಿತ್ರ ಬರೆಯುತ್ತಿದ್ದರಂತೆ. ಮಗ ಪರದೆಯ ಹಿಂದೆ ಹುಟ್ಟಿ, ಪರದೆಯ ಹಿಂದೆ ಬೆಳೆದು, ಕಂಪನಿ ಮುರಿದ ಮೇಲೆ ಪರೀಕ್ಷೆ ಕಟ್ಟಿ ಮಾಸ್ತರನಾದವರು. ಫೆಬ್ರುವರಿಯಲ್ಲಿ ಹುಬ್ಬಳ್ಳಿಯಲ್ಲಿ ಹೈಸ್ಕೂಲುಗಳ ನಾಟಕ ಸ್ಪರ್ಧೆ ಇತ್ತು. ಹೆಡ್‌ಮಾಸ್ತರ ಮಡಿವಾಳೆಪ್ಪನವರು ಬರೆಯುವ ಕೆಲಸ ನನಗೂ, ಆಡಿಸುವ ಕೆಲಸ ಪ್ರಭಂಜನ ಮಾಸ್ತರರಿಗೂ ಕೊಟ್ಟಿದ್ದರು. ಎಣ್ಣೆ ಸೀಗೆಕಾಯಿ ಜೋಡಿ.

ಮರುದಿನ ಅವರೇ ನನ್ನ ಮೇಜಿನ ಹತ್ತಿರ ಬಂದರು.

"ನಿಮ್ಮ ನಾಟಕಾ ಬ್ಯಾಡ ಅನ್ನಲಿಲ್ರಿ. ಅದರಾಗ ಮನುಷ್ಯಾರು ಬೇಕು ಅಂದೆ. ಮೊದಲ ಹುಡುಗರು ಮನುಷ್ಯಾರನ್ನ ನೋಡೂದು ಕಲೀಲಿ. ಆಮ್ಯಾಲೆ ರಾಜಾನ್ನ ಮಾಡ್ಲಿ, ರಾಣೀನ್ನ ಮಾಡ್ಲಿ."

ಅವರ ಕ್ರಮ ಹೀಗಿತ್ತು. ನಾಟಕದ ಹನ್ನೆರಡು ಮಕ್ಕಳೂ ಒಂದೊಂದು ವಹಿ ಇಡಬೇಕು. ಊರಿನ ಯಾರಾದರೊಬ್ಬರನ್ನು ಆರಿಸಿಕೊಂಡು ಎಂಟು ದಿನ ನೋಡಬೇಕು. ವಹಿಯಲ್ಲಿ ಅವರ ಹೆಸರು ಬರೆಯಕೂಡದು. ಒಳ್ಳೆಯವರು, ಕೆಟ್ಟವರು, ಪಾಪದವರು ಎಂದೂ ಬರೆಯಕೂಡದು. ಏನು ಮಾಡಿದರು, ಅಷ್ಟೇ. ಒಂಬತ್ತನೇ ದಿನ ಒಂದು ಮಾತು ಬರೆಯಬೇಕು: ಈ ಮನುಷ್ಯರಿಗೆ ಏನು ಬೇಕಾಗಿದೆ. ಆಮೇಲೆ ಐದು ನಿಮಿಷ ಅವರೇ ಆಗಿ ತೋರಿಸಬೇಕು.

"ಎಂಟು ದಿನಾ ಯಾಕ?" ಎಂದು ಕೇಳಿದೆ. ಕೇಳಬಾರದು ಅಂದುಕೊಂಡಿದ್ದೆ, ಆದರೂ ಕೇಳಿದೆ.

"ಯಾರರೆ ನೋಡ್ಲಿಕ್ಕತ್ಯಾರ ಅಂತ ಗೊತ್ತಾದರ ಮಂದಿ ಮೂರು ದಿನಾ ನಾಟಕಾ ಮಾಡ್ತಾರ್ರಿ. ನಾಕನೇ ದಿನಕ್ಕ ಬ್ಯಾಸರಾಗಿ ತಮ್ಮ ಹಂಗ ಇರ್ತಾರ." ಆಮೇಲೆ ಧ್ವನಿ ಇಳಿಸಿ, "ವಹಿ ನೀವ ತಿದ್ದಿಕೊಡಬೇಕ್ರಿ. ನನ್ನ ಕನ್ನಡಾ ಬಣ್ಣದ ಡಬ್ಬಿ ಮ್ಯಾಲೆ ಇರ್ತದಲ್ಲ, ಅಷ್ಟ" ಎಂದರು.

ವಾರದೊಳಗೆ ಊರಲ್ಲಿ ಗದ್ದಲ ಎದ್ದಿತು. ಸಂತೆಯಲ್ಲಿ ಬದನೆಕಾಯಿ ಮಾರುವ ಫಕೀರವ್ವ ನನ್ನನ್ನು ನಡುಬೀದಿಯಲ್ಲಿ ನಿಲ್ಲಿಸಿದಳು. "ಬಾಯಾರ, ನಿಮ್ಮ ಸಾಲಿ ಹುಡುಗ ಒಬ್ಬಾಂವ ನನ್ನ ಮುಂದ ಕುಂತು ನಾ ಎಷ್ಟು ಸಲ ಉಗುಳತೇನಿ ಅಂತ ಬರಕೊಳ್ಳಾಕತ್ಯಾನ್ರಿ. ಸರಕಾರದವರು ಉಗುಳೂದಕ್ಕೂ ಟ್ಯಾಕ್ಸ್ ಹಾಕತಾರೇನು?"

ತಪ್ಪು ಹುಡುಕಬೇಕು ಎಂದೇ ನಾನು ಮೊದಲ ಸಲ ತಾಲೀಮು ನೋಡಲು ಹೋದದ್ದು. ಸಂಜೆ ಶಾಲೆ ಬಿಟ್ಟ ಮೇಲೆ ಡ್ರಾಯಿಂಗ್ ರೂಮಿನಲ್ಲಿ ನಡೆಯುತ್ತಿತ್ತು. ಅಲ್ಲಾಭಕ್ಷ ತನ್ನ ಅಜ್ಜ, ಟೇಲರ್ ರಹಿಮಾನಸಾಬರನ್ನು ಆರಿಸಿಕೊಂಡಿದ್ದ. ಸೊಂಟ ಬಗ್ಗಿಸಿ, ಕೈ ಗಡಗಡ ನಡುಗಿಸಿ, ಖೊಕ್ ಖೊಕ್ ಎಂದು ಕೆಮ್ಮುತ್ತ ಬಂದ. ಉಳಿದವರು ಚಪ್ಪಾಳೆ ಹೊಡೆದರು.

ಮಾಸ್ತರರು ಕೈ ಎತ್ತಿ ನಿಲ್ಲಿಸಿದರು. "ನಿಮ್ಮಜ್ಜನ ಕೈ ಹಿಂಗ ನಡಗಿದರ ಸೂಜಿಗೆ ದಾರಾ ಹೆಂಗ ಪೋಣಸ್ತಾನ?"

"ಅವರ ಕೈ ನಡಗಂಗಿಲ್ರಿ ಸರ್."

"ಮತ್ತ ನಿಂದು ಯಾಕ ನಡಗಿತು?"

"ಮುದುಕ ಅಲ್ರಿ?"

"ಅಂವಾ ಯಾವ ಮುದುಕ? ಕಂಪನಿ ನಾಟಕದ ಮುದುಕ. ನಿಮ್ಮಜ್ಜ ಎಲ್ಲೆ? ಹೋಗು, ಮತ್ತ ನೋಡಕೊಂಡು ಬಾ."

ಎರಡು ದಿನ ಬಿಟ್ಟು ಅಲ್ಲಾಭಕ್ಷ ಮತ್ತೆ ಮಾಡಿದ. ಈ ಸಲ ಕೆಮ್ಮಿಲ್ಲ, ನಡುಕವಿಲ್ಲ. ಕೂಡುವ ಮೊದಲು ಸ್ಟೂಲನ್ನು ಒಮ್ಮೆ ನೋಡಿದ. ತೊಡೆಯ ಮೇಲೆ ಕೈ ಊರಿದ. ಅರ್ಧ ಬಗ್ಗಿ, ಏನೋ ನೆನಪಾದವರ ಹಾಗೆ ಅಲ್ಲೇ ನಿಂತ. ಅಜ್ಜ ಮೊಣಕಾಲಿನ ನೋವಿಗೆ ಪುರುಸೊತ್ತು ಕೊಡುತ್ತಿದ್ದಾರೆ, ಆದರೆ ಅದು ಯಾರಿಗೂ ಗೊತ್ತಾಗಬಾರದು. ಆಮೇಲೆ ಕೂತ. ಕೂತು, ಗೆದ್ದೆ ಎನ್ನುವ ಹಾಗೆ ಸಣ್ಣಗೆ ನಕ್ಕ. ಹದಿನೈದು ವರ್ಷದ ಹುಡುಗನ ಮೈಯೊಳಗೆ ರಹಿಮಾನಸಾಬರು ಬಂದು ಕೂತಿದ್ದರು. ಈ ಮಾಸ್ತರರಿಗೆ ಕೆಲಸ ಬರುತ್ತದೆ ಎಂದು ಆಗ ಒಪ್ಪಿಕೊಂಡೆ.

"ನೋಡಿದ್ರಿ?" ಎಂದು ಮಾಸ್ತರರು ಮಕ್ಕಳಿಗೆ ಹೇಳುತ್ತಿದ್ದರು. "ನೋವಿದ್ದಾಂವ ನೋವು ತೋರಸಂಗಿಲ್ಲ, ಮುಚ್ಚಲಿಕ್ಕೆ ನೋಡ್ತಾನ. ಸಿಟ್ಟೂ ಹಂಗ, ಪ್ರೀತೀನೂ ಹಂಗ. ನೀವು ಸಿಟ್ಟು ಮಾಡಬ್ಯಾಡ್ರಿ, ಸಿಟ್ಟು ಮುಚ್ಚೂದನ್ನ ಮಾಡ್ರಿ." ಅಷ್ಟರಲ್ಲಿ ಕಿಟಕಿಯ ಹತ್ತಿರ ಕೂತಿದ್ದ ನನ್ನ ಕಡೆ ಕಣ್ಣು ಹೊರಳಿಸಿ, "ನಮ್ಮ ಬಾಯಾರನ್ನ ಬಿಟ್ಟು. ಅವರು ಏನೂ ಮುಚ್ಚಂಗಿಲ್ಲ" ಎಂದರು.

ಮಕ್ಕಳು ಬಾಯಿಗೆ ಕೈ ಅಡ್ಡ ಇಟ್ಟು ನಕ್ಕರು. ನಾನು ಗಂಭೀರವಾಗಿರಲು ನೋಡಿದೆ, ಆಗಲಿಲ್ಲ. ನಾನು ನಗುವುದನ್ನು ಅವರು ಅವತ್ತೇ ಮೊದಲು ನೋಡಿದ್ದು ಅಂತ ಕಾಣುತ್ತದೆ. ಕೈಯಲ್ಲಿದ್ದ ಬ್ರಶ್ಶನ್ನು ನೀರಿನ ಬದಲು ಚಹಾದ ಕಪ್ಪಿಗೆ ಅದ್ದಿದರು.

ಆಮೇಲೆ ನಾನು ದಿನಾ ಹೋದೆ. ಕಾರಣಗಳನ್ನು ಒಂದಲ್ಲ ಒಂದು ಹುಡುಕಿಕೊಳ್ಳುತ್ತಿದ್ದೆ. ಅವರು ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿಕೊಂಡು ರೂಮೆಲ್ಲ ಪೆನ್ಸಿಲ್ ಹುಡುಕುವರು. ನಾನು ನನ್ನ ಕಿವಿ ಮುಟ್ಟಿ ತೋರಿಸುವೆ. ಅವರು "ಉಪಕಾರಾತ್ರಿ" ಎನ್ನುವರು. ಅವರ ಉಗುರಿನ ಸಂದಿಯಲ್ಲಿ ಯಾವಾಗಲೂ ಒಂದು ಬಣ್ಣವಿರುತ್ತಿತ್ತು. ಇವತ್ತು ಯಾವುದು ಎಂದು ನಾನು ಮೊದಲು ಅದನ್ನೇ ನೋಡುತ್ತಿದ್ದೆ.

ಒಂದು ದಿನ ರಾಣಿಯ ಪ್ರವೇಶವನ್ನು ಮತ್ತೆ ಬರೆದು ಒಯ್ದೆ. ಹೊಸ ರಾಣಿಗೆ ಹಿಮ್ಮಡಿ ಒಡೆದಿತ್ತು. ಆಕೆ ರಾಜನ ಜೊತೆ ಯುದ್ಧದ ಮಾತಾಡುತ್ತ, ಕಾಲು ನೆಲಕ್ಕೆ ಪೂರ್ತಿ ಊರದೆ ನಿಂತಿದ್ದಳು. ಅವರು ನಿಂತುಕೊಂಡೇ ಓದಿದರು. ಪಾನು ತಿರುವಿ ಮತ್ತೆ ಓದಿದರು.

"ಈಕಿ ಛಲೋ ಇದ್ದಾಳ್ರಿ. ಈಕಿ ಜೋಡಿ ಮುಂಬಯಿತನಾ ಗಾಡಿ ಪ್ರಯಾಣಾ ಮಾಡಬಹುದು. ಬ್ಯಾಸರಾಗಂಗಿಲ್ಲ."

ಎರಡು ದಿನ ನಾನು ಕೂತಲ್ಲಿ ಕೂಡಲಿಲ್ಲ. ಅವ್ವ, "ಯಾಕ, ಇನ್‌ಸ್ಪೆಕ್ಟರ್ ಬರಾವರಿದ್ದಾರೇನು?" ಎಂದು ಕೇಳಿದಳು. ನನಗೆ ಅವರ ಮೇಲೆ ಪ್ರೀತಿ ಹುಟ್ಟಿತ್ತು. ಮನಸ್ಸಿನೊಳಗೆ ಹಾಗೆಂದುಕೊಂಡೆ, ಅಂದುಕೊಂಡು ನನಗೆ ನಾನೇ ಬೈದುಕೊಂಡೆ. ಬೇರೆಯವರಿಗೆ ಬೈದಷ್ಟು ಚೆನ್ನಾಗಿ ಬೈಯಲು ಬರಲಿಲ್ಲ.

ಅಷ್ಟರಲ್ಲಿ ಹುಬ್ಬಳ್ಳಿಯಿಂದ ನಮ್ಮಣ್ಣ ದಿನಕರನ ಕಾಗದ ಬಂತು. ದಸರೆಯಲ್ಲಿ, ನಾವು ಹಿರಿಯರೆಂದು ಕಾಕಾ ಅನ್ನುತ್ತಿದ್ದ ಅಣ್ಣಿಗೇರಿಯ ವೆಂಕಣ್ಣನವರ ಮಗ ನನ್ನನ್ನು ನೋಡಿ ಹೋಗಿದ್ದ. ಹುಬ್ಬಳ್ಳಿಯಲ್ಲಿ ಬ್ಯಾಂಕ್ ಕ್ಲಾರ್ಕ್. ಕೆಟ್ಟ ಹುಡುಗನಲ್ಲ. ಅಡುಗೆ ಬರುತ್ತದೆಯೇ, ಮದುವೆಯಾದ ಮೇಲೆ ನೌಕರಿ ಬಿಡುತ್ತೀಯಾ ಎಂದು ಎರಡೇ ಪ್ರಶ್ನೆ ಕೇಳಿದ್ದ. ಅವರಿಗೆ ನಾನು ಒಪ್ಪಿಗೆಯಾಗಿದ್ದೆ. ಮೂರು ತಿಂಗಳಿಂದ ನಾನೇ ಹೂಂ ಅನ್ನದೆ, ಉಹೂಂ ಅನ್ನದೆ ಕೂತಿದ್ದೆ. ಬರುವ ಭಾನುವಾರ ಕಾಕಾನನ್ನೇ ಕರೆದುಕೊಂಡು ಬರುತ್ತೇನೆ ಎಂದು ಅಣ್ಣ ಬರೆದಿದ್ದ. 'ಈ ಸಲ ಒಂದು ಮಾತು ಮುಗಿಸು. ಇದು ತಪ್ಪಿದರೆ ನಾನು ಇನ್ನು ವರ ನೋಡಲಾರೆ.'

"ಕಾಕಾ ಬಂದು ಹೊಸ್ತಿಲು ದಾಟಿ ಸಕ್ಕರಿ ಹಂಚಿದರಂದ್ರ ಮಾತು ಗಟ್ಟಿ ಆತು ನೋಡು," ಎಂದಳು ಅವ್ವ. "ದಿನಾ ಸಂಜಿ ಆ ನಾಟಕದ ಖೋಲಿಯೊಳಗ ಕೂಡೂದೂ ತಪ್ಪತದ. ನಾಟಕದವರು ಅಂದರ ಇವತ್ತು ಇಲ್ಲೆ, ನಾಳೆ ಎಲ್ಲೆ. ಅವರಿಗೆ ಯಾರು ಕನ್ಯಾ ಕೊಡ್ತಾರ?"

ನಾನು ಕಾಗದ ಮಡಚಿಟ್ಟೆ. ಹೇಳುವುದಕ್ಕಾದರೂ ಏನಿತ್ತು? ಆ ಮನುಷ್ಯ ನನ್ನನ್ನು ಏನೂ ಕೇಳಿರಲಿಲ್ಲ.

ಗುರುವಾರ ಹನ್ನೆರಡು ವಹಿಗಳೂ ನನ್ನ ಮೇಜಿಗೆ ಬಂದವು. ಮೈಲಾರವ್ವನ ವಹಿ ಕೊನೆಗಿತ್ತು. ಎಲ್ಲರೂ ಮೈಲಾರಿ ಎಂದು ಕರೆಯುತ್ತಿದ್ದ ಹುಡುಗಿ. ಒಂಬತ್ತನೇ ಇಯತ್ತೆ, ಹೊಲಿಗೆ ಕ್ಲಾಸಿನಲ್ಲಿ ಹಿಂದಿನ ಬೆಂಚು, ಮಾತು ಕಡಿಮೆ, ಕಣ್ಣು ಮಾತ್ರ ಭಾರೀ ಚುರುಕು. ನಾನು ಕೆಂಪು ಪೆನ್ನು ಹಿಡಿದು ಓದಿದೆ.

'ಒಂದನೇ ದಿನ. ಇವರು ಗಂಡಸರು. ಬಾಗಿಲಿಗೆ ಬೆನ್ನು ಮಾಡಿ ಹಲಗೆಯ ಮೇಲೆ ಚಿತ್ರ ತೆಗೆಯುತ್ತಾರೆ. ಒಬ್ಬ ಬಾಯಾರು ವರಾಂಡದಲ್ಲಿ ಹೋದರೆ ಇವರ ಕೈಯ ಸುಣ್ಣದ ಖಡು ನಿಲ್ಲುತ್ತದೆ. ಬೇರೆಯವರು ಹೋದರೆ ನಿಲ್ಲುವುದಿಲ್ಲ. ತಿರುಗಿ ನೋಡುವುದಿಲ್ಲ. ಚಪ್ಪಲಿ ಸಪ್ಪಳದ ಮೇಲೆ ಗುರುತು ಹಿಡಿಯುತ್ತಾರೆ.'

'ಮೂರನೇ ದಿನ. ಇವರು ಆಗಷ್ಟೇ ನೀರು ಕುಡಿದಿದ್ದರು. ಆ ಬಾಯಾರು ನೀರಿನ ಹರವಿಯ ಹತ್ತಿರ ಬಂದರು. ಇವರು ಮತ್ತೆ ಹೋಗಿ ಕುಡಿದರು.'

'ಐದನೇ ದಿನ. ನಾಲ್ಕನೇ ಪಿರಿಯಡ್ ಇವರಿಗೆ ಖಾಲಿ ಇರುತ್ತದೆ. ದಿನಾಲೂ ಹೊಲಿಗೆ ಕ್ಲಾಸಿಗೆ ಹೋಗಿ ಹಿಂದೆ ನಿಲ್ಲುತ್ತಾರೆ. ಅಲ್ಲಿ ಇವರದು ಏನೂ ಕೆಲಸವಿಲ್ಲ. ಗಂಟೆ ಹೊಡೆಯುವವರೆಗೆ ನಿಂತು ಒಬ್ಬರೇ ನಗುತ್ತಾರೆ.'

ಒಂಬತ್ತನೇ ದಿನದ ಮಾತು ಹೀಗಿತ್ತು. 'ಇವರಿಗೆ ಏನು ಬೇಕೋ ಅದನ್ನು ಇವರು ಕೇಳುವುದಿಲ್ಲ. ಕೇಳಿದರೆ ಇಲ್ಲ ಅಂದಾರೆಂದು ಹೆದರಿಕೆ. ಕೇಳದಿದ್ದರೆ ದಿನಾ ನೋಡಲಿಕ್ಕಾದರೂ ಸಿಗುತ್ತದೆ.'

ಹೆಸರಿಲ್ಲದಿದ್ದರೇನು, ಶಾಲೆಯಲ್ಲಿ ಹಲಗೆಯ ಮೇಲೆ ಚಿತ್ರ ತೆಗೆಯುವ ಗಂಡಸು ಒಬ್ಬರೇ. ಹೊಲಿಗೆ ಕ್ಲಾಸಿನ ಬಾಯಿಯೂ ಒಬ್ಬಳೇ. ಸೀತಾಬಾಯಿಗೆ ಇಪ್ಪತ್ತೆರಡು. ಹಾಡಿದಂತೆ ಮಾತಾಡುತ್ತಾಳೆ, ಸಿಟ್ಟೆಂದರೇನೆಂದು ಗೊತ್ತಿಲ್ಲ, ಎಲ್ಲದಕ್ಕೂ ನಗುತ್ತಾಳೆ. ಗಂಡಸರ ಮನಸ್ಸು ಅಲ್ಲಿಗೆ ಹೋದರೆ ತಪ್ಪೇನು? ನಾನು ಇಷ್ಟು ದಿನ ಕಿಟಕಿಯ ಹತ್ತಿರ ಕೂತು ಏನು ಅಂದುಕೊಂಡಿದ್ದೆ? ಹುಚ್ಚಿ, ಎಂದು ಬೈದುಕೊಂಡೆ. ವಹಿಯಲ್ಲಿ ಏಳು ತಪ್ಪು ತಿದ್ದಿ, ಹತ್ತಕ್ಕೆ ಒಂಬತ್ತು ಗುಣ ಕೊಟ್ಟೆ. ಅಕ್ಷರ ದುಂಡಗಿಲ್ಲ ಎಂದು ಒಂದು ಕಡಿದೆ.

ಮನೆಗೆ ಬಂದು ಚಪ್ಪಲಿ ಬಿಡುತ್ತಲೇ, "ಅವ್ವಾ, ಅಣ್ಣಗ ಕಾರ್ಡು ಬರಿ. ನಾ ಹೂಂ ಅಂದೇನಿ ಅಂತ ಹೇಳು" ಎಂದೆ.

ಅವ್ವ ದೇವರಿಗೆ ಕೈ ಮುಗಿದಳು. ಶುಕ್ರವಾರ ಮುಂಜಾನೆಯ ಟಪಾಲಿಗೆ ಕಾರ್ಡು ಹೋಯಿತು.

ಶನಿವಾರ ಮುಂಜಾನೆ ಶಾಲೆ. ಪಾಠ ಬೇಗ ಮುಗಿಸಿ ಮಕ್ಕಳ ಐದೈದು ನಿಮಿಷದ ಆಟ ಇಟ್ಟಿದ್ದರು. ಸ್ಟಾಫೆಲ್ಲ ಬೆಂಚುಗಳ ಮೇಲೆ ಕೂತೆವು. ಮುಂದೆ ಮಡಿವಾಳೆಪ್ಪನವರು, ನನ್ನ ಪಕ್ಕ ಸೀತಾಬಾಯಿ, ಬಾಗಿಲ ಹತ್ತಿರ ಪ್ರಭಂಜನ ಮಾಸ್ತರರು. ವಹಿಗಳನ್ನು ನಾನು ಮಾತ್ರ ಓದಿದ್ದೆ. ಮೊದಲು ಆಟ ನೋಡಬೇಕು, ಓದು ಆಮೇಲೆ ಎಂದು ಮಾಸ್ತರರು ಮುಟ್ಟಿರಲಿಲ್ಲ.

ಮೈಲಾರಿ ಕಿವಿಗೆ ಪೆನ್ಸಿಲ್ ಸಿಕ್ಕಿಸಿಕೊಂಡು ಬಂದಳು. ಬಂದವಳೇ ಪೆನ್ಸಿಲ್ ಹುಡುಕತೊಡಗಿದಳು. ಬೆಂಚಿನ ಕೆಳಗೆ, ಡಸ್ಟರಿನ ಹಿಂದೆ, ಅಂಗಿಯ ಕಿಸೆಯಲ್ಲಿ. ಆಕೆಗೆ ಅಂಗಿಯೂ ಇರಲಿಲ್ಲ, ಕಿಸೆಯೂ ಇರಲಿಲ್ಲ, ಆದರೆ ನಮಗೆಲ್ಲ ಕಂಡಿತು. ಎಲ್ಲರೂ ಬಿದ್ದು ಬಿದ್ದು ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವರು ಪ್ರಭಂಜನ ಮಾಸ್ತರರೇ. ನಾನೊಬ್ಬಳೇ ನಗಲಿಲ್ಲ. ಮುಂದೇನಿದೆ ಎಂದು ನನಗೆ ಗೊತ್ತಿತ್ತು, ಅಥವಾ ಗೊತ್ತಿದೆ ಅಂದುಕೊಂಡಿದ್ದೆ.

ಮೈಲಾರಿ ಖಡು ತೆಗೆದುಕೊಂಡು ನೆಲದ ಮೇಲೆ ಉದ್ದಕ್ಕೆ ಒಂದು ಗೆರೆ ಎಳೆದಳು. "ಇದು ಗ್ವಾಡಿ. ಈ ಕಡೆ ಹೊಲಿಗಿ ಕ್ಲಾಸು." ಗೆರೆಯ ಆಚೆ ಆಕೆಯ ಗೆಳತಿ ಅನ್ನವ್ವ ಪುಸ್ತಕ ಹಿಡಿದು, ನಮಗೆ ಬೆನ್ನು ಮಾಡಿ ನಿಂತಳು. ಮೈಲಾರಿ ಈ ಕಡೆ ಮೆಲ್ಲಗೆ ಒಳಗೆ ಬಂದಳು. ಹೊಲಿಗೆ ಬಾಯಾರು ಕೂತಿದ್ದಾರೆಂಬ ಜಾಗಕ್ಕೆ ಅರ್ಧ ನಮಸ್ಕಾರ ಹಾಕಿ, ಆ ಕಡೆ ಮತ್ತೆ ನೋಡಲೇ ಇಲ್ಲ. ನೆಟ್ಟಗೆ ಹಿಂದೆ ಹೋಗಿ, ಕೈಯಲ್ಲಿ ಒಂದು ಬಟ್ಟೆಯ ತುಂಡು ಹಿಡಿದು, ಅದನ್ನು ಮಡಚುತ್ತ ಬಿಚ್ಚುತ್ತ, ಗೋಡೆಗೆ ಒರಗಿ ನಿಂತಳು.

ಗೆರೆಯ ಆಚೆಯಿಂದ ಅನ್ನವ್ವನ ಧ್ವನಿ ಬಂತು. "ಹಿಂದಿನ ಬೆಂಚು, ಲಕ್ಷ್ಯ ಎಲ್ಲೆದ? ನಾ ಏನು ಗ್ವಾಡಿಗೆ ಪಾಠಾ ಹೇಳ್ಲಿಕ್ಕತ್ತೇನೇನು?"

ಅದು ನನ್ನ ಮಾತು. ದಿನಕ್ಕೆ ಹತ್ತು ಸಲ ನಾನು ಆಡುವ ಮಾತು. ನಾಲ್ಕನೇ ಪಿರಿಯಡ್ಡಿಗೆ ಹೊಲಿಗೆ ಕ್ಲಾಸಿನ ಪಕ್ಕದ ರೂಮಿನಲ್ಲಿ ಹತ್ತನೇ ಇಯತ್ತೆಗೆ ಕನ್ನಡ ಕಲಿಸುವವಳು ನಾನು.

ಈ ಕಡೆ ಮೈಲಾರಿ ಬಟ್ಟೆ ಮಡಚುವುದನ್ನು ನಿಲ್ಲಿಸಿದಳು. ಗೋಡೆಗೆ ಮುಖ ಹತ್ತಿರ ತಂದು, ಯಾರಿಗೂ ಕೇಳಬಾರದೆಂಬಷ್ಟು ಸಣ್ಣಗೆ ಹೇಳಿದಳು.

"ಹೌದ್ರಿ, ಬಾಯಾರ."

ಯಾರೂ ನಗಲಿಲ್ಲ. ಅನ್ನವ್ವ ಆ ಕಡೆ ಪದ್ಯ ಓದತೊಡಗಿದಳು, ನಾನು ನಿಲ್ಲಿಸುವಲ್ಲಿ ನಿಲ್ಲಿಸಿ, ನಾನು ಎಳೆಯುವಲ್ಲಿ ಎಳೆದು. ಮೈಲಾರಿ ಕಣ್ಣು ಮುಚ್ಚಿಕೊಂಡು ಕೇಳಿದಳು. ವಹಿಯಲ್ಲಿ ದಿಕ್ಕು ಬರೆದಿರಲಿಲ್ಲ. ಆಟದಲ್ಲಿ ಮುಖ ಯಾವ ಕಡೆಗಾದರೂ ತಿರುಗಲೇಬೇಕಲ್ಲ.

ಆಟ ಮುಗಿಯಿತು. ಪ್ರಭಂಜನ ಮಾಸ್ತರರು ಎದ್ದು ನಿಂತರು. ಮುಖ ಕೆಂಪಾಗಿತ್ತು. "ಛಲೋ ಮಾಡಿದಿ," ಎಂದರು ಮೈಲಾರಿಗೆ. ಹಾಗೇ ಹೊರಗೆ ಹೋಗಿಬಿಟ್ಟರು. ಮಡಿವಾಳೆಪ್ಪನವರು ಗಂಟಲು ಸರಿಮಾಡಿಕೊಂಡು, "ಚಾ ಬಂತೇನ್ ನೋಡ್ರಿ" ಎಂದರು.

ಸೀತಾಬಾಯಿ ನನ್ನ ಮೊಣಕೈ ಚಿವುಟಿದಳು. "ಯಾವಾಗಿಂದೋ ಹೇಳಬೇಕಂತಿದ್ದೆ, ನಿಮ್ಮ ಸಿಟ್ಟಿಗೆ ಅಂಜಿ ಬಿಟ್ಟೆ. ನನ್ನ ಕ್ಲಾಸಿನ್ಯಾಗ ನಿಂತು ಒಂದು ದಿನಾನೂ ಒಂದು ಗುಂಡಿ ಬಗ್ಗೆ ಸೈತ ಕೇಳಲಿಲ್ಲ ಈ ಮನುಷ್ಯಾ."

ಮೈಲಾರಿ ಅಳುಮುಖ ಮಾಡಿಕೊಂಡು ಬಂದಳು. "ಬಾಯಾರ, ನಾ ಹೆಸರು ಬರದಿಲ್ರಿ."

"ಇಲ್ಲವಾ, ನೀ ಏನೂ ತಪ್ಪು ಮಾಡಿಲ್ಲ," ಎಂದೆ. ಆ ಒಂದು ಗುಣ ಯಾಕೆ ಕಡಿದೆನೋ ಎಂದು ನಾಚಿಕೆಯಾಯಿತು.

ಡ್ರಾಯಿಂಗ್ ರೂಮಿನಲ್ಲಿ ಅವರು ತೊಳೆದ ಬ್ರಶ್ಶುಗಳನ್ನೇ ಮತ್ತೆ ತೊಳೆಯುತ್ತಿದ್ದರು. ನನ್ನನ್ನು ನೋಡಿ ಕೈ ನಿಂತಿತು.

"ಮಂದೀನ್ನ ನೋಡ್ರಿ ಅಂತ ನಾನ ಕಲಿಸಿದೆ," ಎಂದರು. "ನನ್ನನ್ನೂ ನೋಡ್ತಾರಂತ ಲಕ್ಷ್ಯಕ್ಕ ಬರಲಿಲ್ರಿ. ತಪ್ಪಾತು. ನಿಮ್ಮ ಹೆಸರು ನಾಕು ಮಂದಿಯೊಳಗ ಬಂತು. ನೀವು ಹೇಳಿದರ ನಾ ಬ್ಯಾರೆ ಊರಿಗೆ ಅರ್ಜಿ ಹಾಕ್ತೇನಿ."

"ಮೊದಲ ಯಾಕ ಕೇಳಲಿಲ್ಲ?"

"ಏನಂತ ಕೇಳ್ಲಿ? ಪರದೆ ಬರಿಯಾವನ ಮಗಾ ನಾ. ನಿಮ್ಮ ಮನ್ಯಾಗ ಅಂಥಾವರಿಗೆ ಹೆಣ್ಣು ಕೊಡ್ತಾರೇನು? ಇಲ್ಲ ಅಂದಬಿಟ್ರ ದಿನಾ ಸಂಜಿ ನೀವು ಬಂದು ಆ ಕಿಟಕಿ ಹತ್ರ ಕೂಡೂದೂ ಹೋಗತದ."

"ನಾಳೆ ನಮ್ಮಣ್ಣ ಬರ್ತಾನ. ಅಣ್ಣಿಗೇರಿಯವರನ್ನ ಕರಕೊಂಡು. ನಾ ಹೂಂ ಅಂತ ಕಾರ್ಡು ಹೋಗೇದ."

ಅವರು ಬ್ರಶ್ಶನ್ನು ನಿಧಾನವಾಗಿ ಕೆಳಗಿಟ್ಟರು. ಕೈ ಸ್ವಲ್ಪವೂ ನಡುಗಲಿಲ್ಲ. ಮುಚ್ಚುವುದು ಅವರಿಗೆ ಚೆನ್ನಾಗಿ ಬರುತ್ತಿತ್ತು. "ಹಂಗಾರ ತಡಾ ಆತು," ಎಂದರು.

ನನಗೆ ಎಲ್ಲಿತ್ತೋ ಸಿಟ್ಟು. "ತಡಾ ಆತು ಅಂತ ನೀವ ತೀರ್ಪು ಕೊಟ್ಟಬಿಟ್ರೇನು? ಹುಡುಗರಿಗೆ ಎಂಟು ದಿನಾ ನೋಡ್ರಿ ಅಂತೀರಿ. ನೀವು ನನ್ನ ಎಂಟು ತಿಂಗಳು ನೋಡಿದ್ರಿ. ಈಕಿಗೆ ಏನು ಬೇಕು ಅಂತ ಒಂದು ಮಾತು ಬರೀಲಿಕ್ಕೆ ಬರಲಿಲ್ಲೇನು ನಿಮಗ? ಆ ಮೈಲಾರಿಗೆ ಇರೋ ಅಷ್ಟು ಬುದ್ಧಿ ಇಲ್ಲೇನು?"

ಅವರು ನನ್ನ ಮುಖವನ್ನೇ ನೋಡಿದರು. ನಾನು ಹೊರಗೆ ಬಂದೆ. ಆಗಲೂ ನಾನು ಆಡಬೇಕಾದ ಮಾತು ಆಡಲಿಲ್ಲ, ಬೈದೆ ಅಷ್ಟೇ. ವರಾಂಡದ ಕೊನೆ ಮುಟ್ಟಿದಾಗ ಹಿಂದಿನಿಂದ ಕೇಳಿತು.

"ಬಾಯಾರ, ನಾಳೆ ಗಾಡಿ ಎಷ್ಟಕ್ಕ?"

"ಒಂಬತ್ತೂವರಿ," ಎಂದೆ, ತಿರುಗಿ ನೋಡದೆ.

ಭಾನುವಾರ ಬೆಳಿಗ್ಗೆ ಅವ್ವನಿಗೆ ಎಲ್ಲ ಹೇಳಿದೆ. ರವೆ ಹುರಿಯುತ್ತಿದ್ದವಳು ಸೌಟು ಬಿಟ್ಟು ನೆಲಕ್ಕೆ ಕೂತಳು. "ಕಾರ್ಡು ಹಾಕಿಸಿದಾಕಿ ನೀನ. ಈಗ ನಾಟಕದಾಂವ ಅಂತೀ. ಮನಿತನಾ ಬಂದು ಕೂತ ಮಂದೀಗೆ ಇಲ್ಲ ಅನ್ನೂದಂದ್ರ ಹುಡುಗಾಟ ಅಲ್ಲ. ನಾ ಹೇಳಂಗಿಲ್ಲ ತಾಯಿ, ಹೇಳಾಕಿದ್ದರ ನೀನ ಹೇಳು."

ಅವಳು ಹೇಳಿದ್ದು ಖರೆ. ಕಾಕಾ ಹೊಸ್ತಿಲು ದಾಟಿದರೆ ಮುಗಿಯಿತು. ಹೇಳುವುದಿದ್ದರೆ ಸ್ಟೇಶನ್ನಿನಲ್ಲೇ ಹೇಳಬೇಕು. ಹೋದೆ.

ಆ ಹೊತ್ತಿಗೆ ಹುಬ್ಬಳ್ಳಿಯಿಂದ ಬರುವ ಗಾಡಿಗೂ ಹುಬ್ಬಳ್ಳಿಗೆ ಹೋಗುವ ಗಾಡಿಗೂ ಗುಡಗೇರಿಯಲ್ಲೇ ಕ್ರಾಸಿಂಗ್. ಎರಡೂ ಹತ್ತು ನಿಮಿಷ ಎದುರುಬದುರು ನಿಲ್ಲುತ್ತವೆ. ಪ್ಲಾಟ್‌ಫಾರ್ಮಿನಲ್ಲಿ ಬೇವಿನ ಗಿಡದ ಕೆಳಗೆ ಪ್ರಭಂಜನ ಮಾಸ್ತರರು ನಿಂತಿದ್ದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಉಗುರು ಉಜ್ಜಿ ಉಜ್ಜಿ ಬೆಳ್ಳಗೆ ಮಾಡಿಕೊಂಡಿದ್ದರು. ಅವರು ನನ್ನಿಂದ ಎರಡು ಮಾರು ದೂರದಲ್ಲಿ ನಿಂತರು, ಗಾಡಿ ಬಂದಾಗ ಒಂದು ಮಾರು ಹತ್ತಿರ ಬಂದರು.

ಅಣ್ಣ ಇಳಿದ. ಅವನ ಹಿಂದೆ ಕರಿ ಟೊಪ್ಪಿಗೆ, ಕಚ್ಚೆ ಧೋತರದ ವೆಂಕಣ್ಣ ಕಾಕಾ. ಕೈಯಲ್ಲಿ ತೆಂಗಿನಕಾಯಿಯ ಚೀಲ, ಬಗಲಲ್ಲಿ ಕೊಡೆ.

"ಲೀಲಾ, ನೀ ಯಾಕ ಬಂದಿ ಸ್ಟೇಶನ್ನಿಗೆ?" ಎಂದ ಅಣ್ಣ. "ಅವ್ವ ಆರಾಮ ಇದ್ದಾಳಲ್ಲ?"

ನಾನು ಕಾಕಾನ ಕಾಲಿಗೆ ನಮಸ್ಕಾರ ಮಾಡಿ ಎದ್ದೆ. ತಯಾರು ಮಾಡಿಕೊಂಡ ಮಾತೆಲ್ಲ ಮರೆತಿತ್ತು.

"ಕಾಕಾ, ನಿಮಗ ತ್ರಾಸ ಕೊಟ್ಟೆ. ಹೂಂ ಅಂತ ಕಾರ್ಡು ಹಾಕಿಸಿದಾಕಿ ನಾನ. ತಪ್ಪು ನಂದು, ಅಣ್ಣಂದಲ್ಲ. ನಾ ಈ ಲಗ್ನಾ ಒಲ್ಲೆ."

ಅಣ್ಣ "ಏ ಲೀಲಾ" ಎಂದ. ಕಾಕಾ ಅವನನ್ನು ಕೈಯಿಂದ ತಡೆದರು. ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದರು. "ನನ್ನ ಮಗಾ ಏನರೆ ಕಮ್ಮಿ ಬಿದ್ದನೇನವಾ?"

"ಇಲ್ರಿ. ಅವರದೇನೂ ಇಲ್ಲ." ಇಪ್ಪತ್ತೆಂಟು ವರ್ಷದಲ್ಲಿ ಇಂಥ ಮಾತನ್ನು ನಾನು ಯಾರೆದುರೂ ಆಡಿರಲಿಲ್ಲ. ಬೈಯುವುದು ಎಷ್ಟು ಸರಳ ಎಂದು ಆಗ ತಿಳಿಯಿತು. ಪ್ರಭಂಜನ ಮಾಸ್ತರರ ಕಡೆ ಕೈ ಮಾಡಿದೆ. "ನನಗ ಇವರು ಬೇಕು."

ಅವರು ಮುಂದೆ ಬಂದು ನನ್ನ ಪಕ್ಕ ನಿಂತು ಇಬ್ಬರಿಗೂ ಕೈ ಮುಗಿದರು. "ಪ್ರಭಂಜನ ಅಂತ್ರಿ. ಡ್ರಾಯಿಂಗ್ ಮಾಸ್ತರ. ನಮ್ಮಪ್ಪ ನಾಟಕ ಕಂಪನಿಯೊಳಗ ಪರದೆ ಬರೀತಿದ್ದರು." ಕೇಳುವ ಮೊದಲೇ ಹೇಳಿಬಿಟ್ಟರು. "ನನಗೂ ಇವರ ಬೇಕ್ರಿ. ನಾ ಮೊದಲ ಕೇಳಬೇಕಾಗಿತ್ತು, ಕೇಳಲಿಲ್ಲ. ಅದಕ್ಕ ನೀವು ಇಷ್ಟು ದೂರ ಬರೂ ಹಂಗಾತು."

ಕಾಕಾ ಕೊಡೆಯನ್ನು ಇನ್ನೊಂದು ಬಗಲಿಗೆ ಬದಲಾಯಿಸಿಕೊಂಡರು. "ಮಗಗ ಏನಂತ ಹೇಳ್ಲಿ?"

"ಹುಡುಗಿ ಭಾಳ ಸಿಟ್ಟಿನಾಕಿ ಇದ್ದಾಳ, ನೀ ಉಳದಿ ಅಂತ ಹೇಳ್ರಿ," ಎಂದೆ.

"ಅದನ್ನ ದಸರಾದಾಗ ನಿಮ್ಮೂರಾಗ ಕೇಳಿದ್ದೆ. ನಾ ನಂಬಿರಲಿಲ್ಲ." ಕಾಕಾನ ಮೀಸೆ ಅಲುಗಿತು. ಆಮೇಲೆ ಮುಖ ಗಂಭೀರ ಮಾಡಿಕೊಂಡು, "ಮೂರು ತಿಂಗಳು ಕಾಯಿಸಿದ್ದು ಛಲೋ ಮಾಡಲಿಲ್ಲ ತಂಗಿ. ಆದರ ಮನಿಯೊಳಗ ಕೂಡಿಸಿ ಹೇಳಲಿಲ್ಲ, ಇಲ್ಲೆ ಹೇಳಿದಿ, ನನ್ನ ಮಾನ ಉಳೀತು. ದಿನಕರಾ, ಆ ಗಾಡಿ ಹುಬ್ಬಳ್ಳಿಗೆ ಹೋಗತದಲ್ಲ?" ಎಂದರು.

ಹುಬ್ಬಳ್ಳಿಯಿಂದ ಬಂದ ಗಾಡಿ ಮೊದಲು ಬಿಟ್ಟಿತು. ಕಾಕಾ ಚೀಲ, ಕೊಡೆ ಸಮೇತ ಹಳಿ ದಾಟಿದರು. ಅಣ್ಣ ತಲೆ ತಗ್ಗಿಸಿಕೊಂಡು ಹಿಂದೆಯೇ ಹೋಗಿ ಅವರನ್ನು ಹತ್ತಿಸಿದ. ತಾನೂ ಒಂದು ಕಾಲು ಪಾವಟಿಗೆಯ ಮೇಲೆ ಇಟ್ಟ. ನನ್ನ ಕಡೆ ನೋಡಲಿಲ್ಲ. ಗಾರ್ಡ್ ಸೀಟಿ ಊದಿದ. ಅಪ್ಪ ಸತ್ತ ಮೇಲೆ ನನ್ನನ್ನು ಓದಿಸಿದವನು ಅವನು. ಅವನು ಹೋದರೆ ನಾನು ಆರಿಸಿಕೊಂಡದ್ದು ತಪ್ಪಾಗುತ್ತಿರಲಿಲ್ಲ, ಆದರೆ ಜನ್ಮವಿಡೀ ನೋಯುತ್ತಿತ್ತು. ಗಾಡಿ ಅಲುಗಿತು. ಪಾವಟಿಗೆಯ ಮೇಲಿನ ಕಾಲು ಕೆಳಗಿಳಿಯಿತು.

ಗಾಡಿ ಪೂರ್ತಿ ಹೋಗುವವರೆಗೆ ಅಣ್ಣ ಅಲ್ಲೇ ನಿಂತಿದ್ದ. ಆಮೇಲೆ ಹಳಿ ದಾಟಿ ಬಂದು ಪ್ರಭಂಜನ ಮಾಸ್ತರರನ್ನು ಮೇಲಿಂದ ಕೆಳಗೆ ನೋಡಿದ.

"ನಾ ಇನ್ನೂ ಏನೂ ಹೂಂ ಅಂದಿಲ್ರಿ," ಎಂದ. "ಅವ್ವನ ಮುಂದ ಕೂತು ಮಾತಾಡೂಣು. ಈ ಚೀಲಾ ಹಿಡೀರಿ." ತನ್ನ ಚೀಲವನ್ನು ಅವರ ಕೈಗೆ ಕೊಟ್ಟು ಮುಂದೆ ನಡೆದ. ಹೊರಗಿನವರ ಕೈಗೆ ನಮ್ಮಣ್ಣ ಯಾವತ್ತೂ ಚೀಲ ಕೊಟ್ಟವನಲ್ಲ.

ನಾವಿಬ್ಬರೂ ಹತ್ತು ಹೆಜ್ಜೆ ಹಿಂದೆ ನಡೆದೆವು.

"ಬಾಯಾರ," ಎಂದರು ಅವರು, ಮೆಲ್ಲಗೆ. "ಕಾಕಾಗ ಅದೇನೋ ಹೇಳಿದ್ರಲ್ಲ, ಇನ್ನೊಮ್ಮೆ ಹೇಳ್ತೀರೇನು? ಗಾಡಿ ಸಪ್ಪಳದಾಗ ಸರಿ ಕೇಳಲಿಲ್ಲ."

ನಾನು ಅದನ್ನು ಹೇಳುವಾಗ ಎರಡೂ ಗಾಡಿ ಸುಮ್ಮನೆ ನಿಂತಿದ್ದವು. ಆ ಮಾತನ್ನು ಎತ್ತಿ ಜಗಳ ತೆಗೆಯಬಹುದಾಗಿತ್ತು, ತೆಗೆಯಲಿಲ್ಲ. ನಡುದಾರಿಯಲ್ಲಿ ನಿಂತೆ. ಕಾಕಾನಿಗೆ ಹೇಳುವಾಗ ನೆಲ ನೋಡಿದ್ದೆ, ಈಗ ಅವರ ಮುಖ ನೋಡಿದೆ.

"ನನಗ ನೀವು ಬೇಕು," ಎಂದೆ.